ಅಧಿಕಾರ ಬಂದ ದಾರಿ, ನಡೆಸಿದ ರೀತಿ

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕ್ಷೇತ್ರದ ಪ್ರಮುಖ ಸ್ಪರ್ಧೆ ಇಬ್ಬರು ಮಹಿಳೆಯರ ನಡುವೆ ನಡೆಯಿತು. ಹರಿಹರವನ್ನೂ ಒಳಗೊಂಡ ಈ ಕ್ಷೇತ್ರದಲ್ಲಿ ಶ್ರೀಮತಿ ಪ್ರಭಾ ಮಲ್ಲಿಕಾರ್ಜುನ್ ಅವರು ಶ್ರೀಮತಿ ಗಾಯತ್ರಿ ಸಿದ್ದೇಶ್ವರ ಅವರೆದುರು ಜಯಗಳಿಸಿ, ಕ್ಷೇತ್ರದ ಪ್ರಥಮ ಮಹಿಳಾ ಸಂಸದೆಯಾದರು. ಒಬ್ಬರ ಪತಿ ಆಗ ರಾಜ್ಯದ ಸಚಿವರು. ಮತ್ತೊಬ್ಬರ ಪತಿ ಅಲ್ಲಿಯವರೆಗಿನ ಸಂಸದರು. ವಿವಾಹಸಂಬಂಧದ ಮೂಲಕ ಒದಗಿದ ಅವಕಾಶವನ್ನು ಸ್ತ್ರೀಸ್ವಾತಂತ್ರ್ಯವೆನ್ನಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆ ಹೊಸತಲ್ಲ. ಹರಿಹರದಿಂದ ಪಶ್ಚಿಮಕ್ಕಿರುವ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ರಾಷ್ಟ್ರಕೂಟರ ಕಾಲದ, 10ನೆಯ ಶತಮಾನದ ಆದಿಭಾಗದ ಶಾಸನವೊಂದಿದೆ. ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದಾಗ ಆ ಪದವಿಯು ಆತನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತೆಂದು ಅದು ತಿಳಿಸುತ್ತದೆ. ಆಕೆ ಜಿನಭಕ್ತೆ, ಆಡಳಿತದಲ್ಲಿ ಸಮರ್ಥೆ. ಹೆಣ್ಣಾಗಿದ್ದರೂ ನಾಡನ್ನು ಸಮರ್ಥವಾಗಿ ರಕ್ಷಿಸಿದಳೆಂಬ ಧಾಟಿಯಲ್ಲಿ ಶಾಸನ ಹೊಗಳುತ್ತದೆ. ಆ ‘ಆಗಿದ್ದರೂ’ ಎಂಬುದರಲ್ಲಿಯೇ ಅಂದಿನ ಸಮಾಜದ ಸಂದೇಹ ಅಡಗಿದೆ.

ಮುಂದೆ ರೋಗಪೀಡಿತಳಾದ ಜಕ್ಕಿಯಬ್ಬೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. ಪತಿಯಿಂದ ಬಂದ ಪದವಿ ತಾಯಿಯಿಂದ ಮಗಳಿಗೆ ಸಂದಿತು.

ಅಧಿಕಾರ ಬಂದ ದಾರಿಯನ್ನು ಮರೆಮಾಚಬೇಕಿಲ್ಲ. ಕುಟುಂಬದ ಆಸರೆಯಿಲ್ಲದ ಸ್ತ್ರೀಯರಿಗೆ ಅದೇ ದಾರಿ ಇನ್ನೂ ಕಠಿಣವೆಂಬುದನ್ನು ಮರೆಯಲೂಬಾರದು. ಆದರೆ ಪದವಿಯಲ್ಲಿ ಕುಳಿತವಳನ್ನು ಅಳೆಯಬೇಕಾದುದು ಆಕೆ ನಡೆಸಿದ ಆಡಳಿತದಿಂದ, ಸಕಾಲದಲ್ಲಿ ತೋರಿದ ನಿರ್ಮೋಹದಿಂದ. ಪುರುಷನಿಗೂ ಇದೇ ಅಳತೆಗೋಲು ಸಲ್ಲಬೇಕು.