ಅಮ್ಮ ಬಂದಾಗ ಬರೆದುಕೊಂಡವರು ಯಾರು? ತುಮಕೂರು ಸೀಮೆಯಲ್ಲಿ ಮೈಲಿ, ಸೀತಾಳೆ ಮತ್ತು ಲಸಿಕೆ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮಗುವಿನ ಮೈಮೇಲೆ ನೀರ್ಗುಳ್ಳೆ ಎದ್ದರೆ ರೋಗದ ಹೆಸರೆತ್ತುವುದಿಲ್ಲ. 'ಅಮ್ಮ ಆಗಿದೆ' ಎನ್ನುತ್ತಾರೆ. ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ, ಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ, ನೆಂಟರು ಹೊಸಿಲು ದಾಟುವುದಿಲ್ಲ. ಗುಳ್ಳೆ ಬಾಡಿದ ಮೇಲೆ ಬೇವು ಅರಿಶಿನದ ನೀರು ಹಾಕಿ, ಮಾರಮ್ಮನಿಗೆ ಮೊಸರನ್ನದ ತಂಪು ಒಪ್ಪಿಸುತ್ತಾರೆ. ಈ ಆಚರಣೆಯ ಹಿಂದಿನ ಭಯವೆಲ್ಲ ಸಿಡುಬಿನದು, ಹಳಬರು ಮೈಲಿ ಎನ್ನುತ್ತಿದ್ದ ರೋಗದ್ದು. ಮೈಲಿ ಹೋಗಿ ಸುಮಾರು ಐವತ್ತು ವರ್ಷವಾಯಿತು. ಅದರ ಹೆಸರು, ಹರಕೆ, ಪಥ್ಯಗಳೆಲ್ಲ ಸೀತಾಳೆ ಸಿಡುಬಿನ ಪಾಲಿಗೆ ಬಂದವು. ಮೈಲಿಗೆ ಸಿಕ್ಕಿದ್ದ ಸರ್ಕಾರದ ಗಮನ ಮಾತ್ರ ಬರಲಿಲ್ಲ.

ಮೈಸೂರು ಸೀಮೆಯನ್ನು ಸುತ್ತಿ ನೋಡಿದ, ವೈದ್ಯನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಗುಬ್ಬಿಯನ್ನು ಹಾದುಹೋದ. ಅಡಿಕೆ, ಕೊಬ್ಬರಿಗಳಿಗೆ ಹೆಸರಾದ ಪೇಟೆ ಅದು. ದೂರದೂರದ ವರ್ತಕರು ಕೂಡುವ ಇಂಥ ಸಂತೆಗಳಲ್ಲಿ ಸರಕಿನೊಡನೆ ಸೋಂಕೂ ಕೈ ಬದಲಾಯಿಸುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿದ ಗೋಸಿಡುಬಿನ ಲಸಿಕೆ ಭಾರತದ ನೆಲದಲ್ಲಿ ಮೊದಲು ಹತ್ತಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಮಗುವಿಗೆ. ಅಲ್ಲಿಂದ ಅದು ತೋಳಿನಿಂದ ತೋಳಿಗೆ ಸಾಗಿತು. ಒಂದು ಮಗುವಿನ ಗುಳ್ಳೆಯ ರಸವೇ ಮತ್ತೊಂದು ಮಗುವಿಗೆ ಮದ್ದು. ಜಾತಿ, ಮಡಿಗಳ ಸಮಾಜದಲ್ಲಿ ಇದಕ್ಕೆ ಮೈಯೊಡ್ಡುವುದು ಸಣ್ಣ ಮಾತಲ್ಲ. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರ ಈ ಹಿನ್ನೆಲೆಯಲ್ಲೇ ಅರ್ಥವಾಗುತ್ತದೆ. ಅದರಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಲಸಿಕೆಯ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ನನಗೆ ಈ ವಾದ ಒಪ್ಪಿಗೆ. ಅರಮನೆ ಮೊದಲು ತೋಳೊಡ್ಡಿದರೆ ಹಳ್ಳಿಯೂ ಒಡ್ಡೀತೆಂಬ ಲೆಕ್ಕಾಚಾರ ಅದರಲ್ಲಿ ಕಾಣುತ್ತದೆ.

ಆ ಲಸಿಕೆಯನ್ನು ಹಳ್ಳಿಗೆ ತಂದವರು 'ಮೈಲಿ ಹಾಕುವವರು'. ಗುಬ್ಬಿಯ ಸಂತೆಯಲ್ಲಿ ಇಂದಿಗೂ ಅರವತ್ತು ದಾಟಿದವರ ತೋಳಿನಲ್ಲಿ ಅವರು ಬಿಟ್ಟುಹೋದ ಗುಂಡು ಕಲೆ ನೋಡಬಹುದು. ಆ ಕಲೆ ಸೀತಾಳೆಯನ್ನು ತಡೆಯಲಿಲ್ಲ, ತಡೆಯುವಂತೆಯೂ ಇರಲಿಲ್ಲ. ಎರಡೂ ಬೇರೆ ರೋಗವೆಂದು ಇಂಗ್ಲಿಷ್ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲೇ ವಿವರಿಸಿದ್ದ. ಮೈಲಿಯ ಗುಳ್ಳೆ ಮುಖ, ಕೈಕಾಲುಗಳಲ್ಲಿ ದಟ್ಟ, ಅಂಗೈಯನ್ನೂ ಬಿಡದು. ಸೀತಾಳೆಯದು ಎದೆ ಬೆನ್ನುಗಳಲ್ಲಿ ಹೆಚ್ಚು, ಹಳೆಯದು ಒಣಗುತ್ತಿರುವಾಗಲೇ ಹೊಸದು ಏಳುತ್ತದೆ.

ಈ ವ್ಯತ್ಯಾಸವೇ ಒಂದು ಕಾಲದಲ್ಲಿ ದೇಶದ ದೊಡ್ಡ ಪ್ರಶ್ನೆಯಾಯಿತು. ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ 1962ರಲ್ಲಿ ಆರಂಭವಾಗಿ, 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಪ್ರಕರಣ ದಾಖಲಾಯಿತು. ಅನಂತರ ಮೈಲಿ ತೋರಿಸಿಕೊಟ್ಟವರಿಗೆ 1000 ರೂಪಾಯಿ ಬಹುಮಾನ ಸಾರಲಾಯಿತು. ಮನೆಮನೆ ಹುಡುಕಾಟದಲ್ಲಿ ಸಿಕ್ಕಿದ್ದು ಬಹುಪಾಲು ಸೀತಾಳೆ. ಮೈಲಿ ಇರಬಹುದೆಂಬ ಅನುಮಾನಕ್ಕೆ ಅದನ್ನು ನೋಡಿದರು, ಬರೆದುಕೊಂಡರು, ಮಾದರಿ ತೆಗೆದರು. 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಅನುಮಾನ ತೀರಿದ ಮೇಲೆ ಸೀತಾಳೆಗಾಗಿ ಮನೆ ಬಾಗಿಲಿಗೆ ಬರುವವರೂ ಇಲ್ಲವಾದರು. 2004ರ ಸಮಗ್ರ ರೋಗ ಕಣ್ಗಾವಲು ಯೋಜನೆಯ ವಾರದ ವರದಿಗಳಲ್ಲಿ ಸೀತಾಳೆಯ ಹಾವಳಿಗಳು ಮತ್ತೆ ಕಾಣಿಸಿದವು, ಆದರೆ ಅವು ಆಸ್ಪತ್ರೆಗೆ ಸುದ್ದಿ ಮುಟ್ಟಿದವು ಮಾತ್ರ. ಅಮ್ಮನಿಗೆ ಸೂಜಿ ಮದ್ದು ಆಗದು ಎಂದು ಮನೆಯಲ್ಲೇ ಉಳಿದ ಮಗು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಮನೆಯ ಪದ್ಧತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ನೆಂಟರನ್ನು ದೂರವಿಡುವುದು ವಿವೇಕವೇ. ಆದರೆ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಸೋಂಕು ಹರಡತೊಡಗುತ್ತದೆ. ಬಾಗಿಲಿಗೆ ಬೇವು ಸಿಕ್ಕಿಸುವ ಹೊತ್ತಿಗೆ ಅದು ಶಾಲೆಯ ಬೆಂಚು ದಾಟಿರುತ್ತದೆ. ತುಮಕೂರು ವಿದ್ಯಾರ್ಥಿನಿಲಯಗಳ ಊರು. ಒಂದೇ ಸೂರಿನಡಿ ನೂರಾರು ಮಕ್ಕಳು ಮಲಗುವಲ್ಲಿ ಇದು ದೊಡ್ಡ ಮಾತು. ಉಷ್ಣವಲಯದಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಸೋಂಕಾಗದೆ ಬೆಳೆದುಬಿಡುತ್ತಾರೆ. ಆಮೇಲೆ ತಗುಲಿದರೆ ನ್ಯುಮೋನಿಯಾದ ಅಪಾಯ ಹೆಚ್ಚು, ಬಸುರಿಯರಿಗಂತೂ ಇನ್ನೂ ಹೆಚ್ಚು.

ಜಪಾನಿನ ಮಿಚಿಯಾಕಿ ತಕಾಹಾಶಿ 1974ರಲ್ಲಿ ಸೀತಾಳೆಗೆ ಲಸಿಕೆ ಪ್ರಕಟಿಸಿದರು. ಅಮೆರಿಕ 1995ರಲ್ಲಿ ಅದನ್ನು ಎಲ್ಲ ಮಕ್ಕಳಿಗೂ ತಂದಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡು ಡೋಸ್ ಶಿಫಾರಸು ಮಾಡುತ್ತದೆ. ಆದರೆ 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಗೆ ಅದು ಸೇರಿಲ್ಲ. ಸರ್ಕಾರದ ಹಿಂಜರಿಕೆಗೆ ಆಧಾರವುಂಟು: ಶೇಕಡ 80ರಷ್ಟು ಮಕ್ಕಳಿಗೆ ಸತತವಾಗಿ ಲಸಿಕೆ ಮುಟ್ಟದಿದ್ದರೆ ರೋಗ ದೊಡ್ಡವರತ್ತ ಸರಿಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಈಗ ಆಗುತ್ತಿರುವುದು ಇದಕ್ಕಿಂತ ಒಳ್ಳೆಯದೇನಲ್ಲ. ಡೋಸಿಗೆ ಸಾವಿರ ರೂಪಾಯಿ ದಾಟುವ ಮದ್ದನ್ನು ಕೊಳ್ಳಬಲ್ಲವರ ಮಕ್ಕಳು ಮಾತ್ರ ಪಡೆಯುತ್ತಿದ್ದಾರೆ. ಮನಸ್ಸು ಮಾಡಿದರೆ ಎಲ್ಲ ಮಕ್ಕಳನ್ನೂ ಮುಟ್ಟಬಹುದೆಂಬುದಕ್ಕೆ ಉದಾಹರಣೆಯುಂಟು: 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗಾಗಿ ಶಾಲೆಗಳಲ್ಲೇ ಸೂಜಿ ಹಾಕಲಾಯಿತು. ಹಳ್ಳಿಯ ತಾಯಿ ಲಸಿಕೆಗಳ ಪಟ್ಟಿಯಿರುವ ತನ್ನ ತಾಯಿ ಕಾರ್ಡ್ ಬಿಡಿಸಿದರೆ ದಡಾರಕ್ಕೆ ಮನೆ ಇದೆ, ಪೋಲಿಯೋಗೆ ಇದೆ, ಕ್ಷಯಕ್ಕೂ ಇದೆ. ಅಮ್ಮನಿಗೆ ಇಲ್ಲ.