ಇಪ್ಪತ್ತು ರೂಪಾಯಿಗೆ ಒಂದು ತೂತಿನ ಕಾಸು

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ ಗುಜರಿ ಕೆದಕುವ ಚಟ ನನಗೆ ಮೊದಲಿನಿಂದಲೂ ಇದೆ. ಕೆಟ್ಟ ಗಡಿಯಾರ, ತುಕ್ಕು ಹಿಡಿದ ಬೀಗಗಳ ರಾಶಿಯಲ್ಲಿ ಈ ಸಲ ಕೈಗೆ ಸಿಕ್ಕಿದ್ದು ಒಂದು ತೂತಿನ ಕಾಸು. 20 ರೂಪಾಯಿ ಕೊಟ್ಟೆ, ಚೌಕಾಶಿ ಮಾಡಲಿಲ್ಲ. ಇಸವಿ 1943.

ಇದು ಒಂದು ಪೈಸೆ. 1957ರಲ್ಲಿ ಬಂದ ನಯಾಪೈಸೆ ಅಲ್ಲ, ಅದಕ್ಕೂ ಹಿಂದಿನದು. ಆಗ 4 ಪೈಸೆಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ.

ಸರಿ, ತೂತು ಯಾಕೆ? ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ತಾಮ್ರ ಬೇಕಿತ್ತು. ಸರಕಾರ ಕಂಚಿನ ಪೈಸೆಯನ್ನು ಚಿಕ್ಕದು ಮಾಡಿ, ನಡುವೆ ಕೊರೆದು ಲೋಹ ಉಳಿಸಿತು. ಹಳೇ ಪೈಸೆ ಹತ್ತಿರ ಹತ್ತಿರ 5 ಗ್ರಾಂ ಇತ್ತು, ಇದು ಸುಮಾರು 2 ಗ್ರಾಂ. ಬೆಲೆ ಮಾತ್ರ ಅಷ್ಟೇ! ಇನ್ನೊಂದು ತಮಾಷೆ ನೋಡಿ, ನಡುವೆ ತೂತಾದ ಮೇಲೆ ರಾಜನ ಮುಖಕ್ಕೆ ಜಾಗವೆಲ್ಲಿ? ಆರನೇ ಜಾರ್ಜ್ ಮಾಯವಾಗಿ ಬರೀ ಕಿರೀಟ ಉಳಿಯಿತು.

ಆದರೆ ಆ ಇಸವಿ ನೋಡಿದರೆ ನಗು ಬರುವುದಿಲ್ಲ. ಅದೇ 1943ರಲ್ಲಿ ಬಂಗಾಳದ ಕ್ಷಾಮ. ಯುದ್ಧದ ಹಣದುಬ್ಬರಕ್ಕೆ ಅಕ್ಕಿ ಬಡವರ ಕೈಗೆ ಸಿಗದಂತಾಯಿತು. ಹಸಿವು, ರೋಗಗಳಿಂದ ಸತ್ತವರು ಸುಮಾರು 30 ಲಕ್ಷ ಎಂದು ಅಂದಾಜು. ಚೂರು ತಾಮ್ರ ಉಳಿಸಲು ಅಷ್ಟು ತಲೆ ಓಡಿಸಿದ ಸರಕಾರಕ್ಕೆ ಜನರನ್ನು ಉಳಿಸಲು ಆಗಲಿಲ್ಲ.

ಈ ಕಾಸುಗಳನ್ನು ರಾಶಿರಾಶಿ ಟಂಕಿಸಿದ್ದರಿಂದ ಈಗಲೂ ಅಗ್ಗ. ನಿಮ್ಮಜ್ಜಿಯ ಹಳೇ ಡಬ್ಬಿಯಲ್ಲೂ ಒಂದಿರಬಹುದು. ಸಿಕ್ಕರೆ ಇಸವಿ ನೋಡಿ ಹೇಳಿ.