ಕಣ್ಣಿನ ಚಲನೆಯಿಂದ ಕಹಿ ನೆನಪಿಗೆ ಚಿಕಿತ್ಸೆ: ಏನಿದು ಇಎಂಡಿಆರ್?

ಕಂಪ್ಲಿ: ಘಟನೆ ಮುಗಿದು ವರ್ಷಗಳೇ ಕಳೆದಿರುತ್ತವೆ. ಗಾಯ ಮಾಯ್ದಿರುತ್ತದೆ, ಪರಿಹಾರದ ಹಣವೂ ಬಂದಿರುತ್ತದೆ. ಆದರೆ ಅಪಘಾತದ ಸದ್ದು, ಹೊಳೆಯ ನೀರು ಮನೆಯೊಳಗೆ ನುಗ್ಗಿದ ರಾತ್ರಿ, ಹಲ್ಲೆ ನಡೆಸಿದವನ ಮುಖ ಕೆಲವರ ಮನಸ್ಸಿನಿಂದ ಮರೆಯಾಗುವುದಿಲ್ಲ. ಇಂತಹ ನೆನಪುಗಳ ತೀವ್ರತೆಯನ್ನು ತಗ್ಗಿಸಲು ಬಳಕೆಯಲ್ಲಿರುವ ಮಾನಸಿಕ ಚಿಕಿತ್ಸೆಗಳಲ್ಲಿ ‘ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್’ ಒಂದು. ಸಂಕ್ಷಿಪ್ತವಾಗಿ ಇಎಂಡಿಆರ್ ಎನ್ನಲಾಗುವ ಇದನ್ನು ಕಣ್ಣಿನ ಚಲನೆಯ ಚಿಕಿತ್ಸೆ ಎಂದು ಕರೆಯಬಹುದು.

ಈ ಚಿಕಿತ್ಸೆ ನೆನಪನ್ನು ಅಳಿಸುವುದಿಲ್ಲ, ನೆನಪಿನೊಳಗಿನ ಮುಳ್ಳನ್ನು ತೆಗೆಯುತ್ತದೆ. ಇದು ಸಮ್ಮೋಹನವೂ ಅಲ್ಲ, ಜಾದೂವೂ ಅಲ್ಲ. ತರಬೇತಿ ಪಡೆದ ತಜ್ಞರು ಗೊತ್ತಾದ ಕ್ರಮದಲ್ಲಿ ನಡೆಸುವ ಚಿಕಿತ್ಸೆಯಾಗಿರುವುದರಿಂದ, ಅದರ ಪ್ರಯೋಜನವೇನು, ಮಿತಿಯೇನು ಎಂಬುದನ್ನು ಅರಿತು ಮುಂದುವರಿಯುವುದು ಒಳಿತು.

ನೆನಪು ಕಾಯಿಲೆಯಾಗುವುದು ಯಾವಾಗ?

ಆಘಾತಕಾರಿ ಘಟನೆಯ ನಂತರ ಕೆಲ ದಿನ ನಿದ್ರೆ ಬಾರದಿರುವುದು, ಬೆಚ್ಚಿಬೀಳುವುದು, ಅಳು ಬರುವುದು ಸಹಜ. ಬಹುಪಾಲು ಜನರಲ್ಲಿ ಮನೆಯವರ ಆಸರೆ ಹಾಗೂ ದಿನನಿತ್ಯದ ಕೆಲಸಗಳ ನಡುವೆ ಇವು ತಾವಾಗಿಯೇ ಕಡಿಮೆಯಾಗುತ್ತವೆ. ಒಂದು ತಿಂಗಳು ಮೀರಿದರೂ ಲಕ್ಷಣಗಳು ಉಳಿದು ದುಡಿಮೆಗೆ, ಸಂಸಾರಕ್ಕೆ ಅಡ್ಡಿಯಾದರೆ ಆಗ ಆಘಾತೋತ್ತರ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಅಮೆರಿಕದ ಮನೋವೈದ್ಯ ಸಂಘವು 1980ರಲ್ಲಿ ಈ ಹೆಸರಿಗೆ ತನ್ನ ರೋಗಪಟ್ಟಿಯಲ್ಲಿ ಸ್ಥಾನ ನೀಡಿತು.

ಇದರ ಲಕ್ಷಣಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. ಘಟನೆ ಮತ್ತೆ ಈಗಲೇ ನಡೆಯುತ್ತಿದೆ ಎಂಬಂತೆ ಕಣ್ಣೆದುರು ಬರುವುದು ಮತ್ತು ದುಃಸ್ವಪ್ನ ಮೊದಲನೆಯದು. ಆ ಜಾಗ, ಆ ದಾರಿ, ಆ ಮಾತನ್ನೇ ತಪ್ಪಿಸಿಕೊಂಡು ತಿರುಗುವುದು ಎರಡನೆಯದು. ತನ್ನ ಬಗ್ಗೆಯೂ ಲೋಕದ ಬಗ್ಗೆಯೂ ನಂಬಿಕೆ ಕುಸಿಯುವುದು ಮೂರನೆಯದು. ಸದಾ ಎಚ್ಚರದಿಂದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕುವುದು ನಾಲ್ಕನೆಯದು. ಇಂತಹವರಿಗೆ ಹಗ್ಗವೂ ಹಾವಾಗಿ ಕಾಣುತ್ತದೆ. ಅದು ಪುಕ್ಕಲುತನವಲ್ಲ; ಅಪಾಯ ಕಳೆದಿದೆ ಎಂಬ ಸುದ್ದಿ ಮೆದುಳಿನ ಭಯದ ಕೇಂದ್ರಕ್ಕೆ ಇನ್ನೂ ತಲುಪದ ಸ್ಥಿತಿ.

ಹಳ್ಳಿಗಳಲ್ಲಿ ಇದನ್ನು ‘ಅಂಜಿಕೆ ಹೊಕ್ಕಿದೆ’, ‘ಗಾಳಿ ಸೋಕಿದೆ’ ಎನ್ನುವುದುಂಟು. ತಾಯತ ಕಟ್ಟಿಸಿ ಸುಮ್ಮನಾಗುವವರೂ, ಕುಡಿತದಲ್ಲಿ ನಿದ್ರೆ ಹುಡುಕುವವರೂ ಇದ್ದಾರೆ. ಹೀಗೆ ಚಿಕಿತ್ಸೆ ಮುಂದಕ್ಕೆ ಹೋದಷ್ಟೂ ಬದುಕು ಕಿರಿದಾಗುತ್ತಾ ಹೋಗುತ್ತದೆ.

ಚಿಕಿತ್ಸೆಯ ಹುಟ್ಟು

ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪೀರೊ 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ತಮ್ಮನ್ನು ಕಾಡುತ್ತಿದ್ದ ಆಲೋಚನೆಗಳು ಕಣ್ಣುಗಳು ಅತ್ತಿತ್ತ ಚಲಿಸುತ್ತಿದ್ದಂತೆ ತೀವ್ರತೆ ಕಳೆದುಕೊಂಡದ್ದನ್ನು ಗಮನಿಸಿದರು. ಇದನ್ನೇ ಇತರರ ಮೇಲೆ ಪ್ರಯೋಗಿಸಿ, 22 ಮಂದಿಯ ಮೇಲಿನ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ವಿಜ್ಞಾನಿಗಳ ವಲಯದಲ್ಲಿ ಈ ಪದ್ಧತಿಗೆ ಭಾರಿ ಅನುಮಾನ ಎದುರಾಯಿತು. ಕಾಲಕ್ರಮೇಣ ಹೆಚ್ಚು ಕಟ್ಟುನಿಟ್ಟಾದ ಅಧ್ಯಯನಗಳು ನಡೆದವು. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ ಮಾನಸಿಕ ಚಿಕಿತ್ಸೆಗಳಲ್ಲಿ ಇಎಂಡಿಆರ್ ಕೂಡ ಸೇರಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ವಯಸ್ಕರಿಗೆ ಇದನ್ನು ಸೂಚಿಸಿದೆ. ಶಪೀರೊ 2019ರಲ್ಲಿ ನಿಧನರಾದರು.

ಎಂಟು ಹಂತಗಳು

ಬೆರಳಾಡಿಸಿದರೆ ಚಿಕಿತ್ಸೆ ಮುಗಿಯಿತು ಎಂಬ ತಿಳಿವಳಿಕೆ ತಪ್ಪು. ಇಎಂಡಿಆರ್‌ನಲ್ಲಿ ಒಟ್ಟು ಎಂಟು ಹಂತಗಳಿವೆ. ಸಂಡೂರಿನ ಅದಿರು ಲಾರಿ ಚಾಲಕನೊಬ್ಬ ಅಪಘಾತದಲ್ಲಿ ಬದುಕುಳಿದು, ಮತ್ತೆ ಸ್ಟೀರಿಂಗ್ ಹಿಡಿಯಲಾಗದೆ ಮನೆಯಲ್ಲಿ ಕುಳಿತಿದ್ದಾನೆ ಎಂದು ಊಹಿಸಿಕೊಂಡರೆ ಈ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ.

ಮೊದಲ ಹಂತದಲ್ಲಿ ತಜ್ಞರು ಆತನ ಹಿನ್ನೆಲೆ, ಹಿಂದಿನ ಆಘಾತಗಳು, ಇತರ ಕಾಯಿಲೆ, ಕುಡಿತ, ಆತ್ಮಹತ್ಯೆಯ ಆಲೋಚನೆ ಮುಂತಾದವನ್ನು ವಿಚಾರಿಸಿ, ಯಾವ ನೆನಪನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ನಿರ್ಧರಿಸುತ್ತಾರೆ. ಎರಡನೆಯದು ಸಿದ್ಧತೆ. ಭಯ ಉಕ್ಕಿ ಬಂದಾಗ ಉಸಿರಾಟ ಹಾಗೂ ನೆಮ್ಮದಿಯ ಜಾಗದ ಕಲ್ಪನೆಯಿಂದ ಮನಸ್ಸನ್ನು ಹತೋಟಿಗೆ ತಂದುಕೊಳ್ಳುವುದನ್ನು ಕಲಿಸಲಾಗುತ್ತದೆ. ಬೇಡವೆನಿಸಿದಾಗ ಕೈ ಎತ್ತಿ ನಿಲ್ಲಿಸುವ ಅಧಿಕಾರ ಆತನದೇ ಎಂದೂ ತಿಳಿಸಲಾಗುತ್ತದೆ.

ಮೂರನೆಯದು ಅಳತೆಯ ಹಂತ. ಅಪಘಾತದ ಅತ್ಯಂತ ಕೆಟ್ಟ ದೃಶ್ಯ ಯಾವುದು, ಅದರೊಡನೆ ತನ್ನ ಬಗ್ಗೆ ಬರುವ ಭಾವನೆ ಏನು ಎಂದು ಕೇಳಲಾಗುತ್ತದೆ. ‘ನನ್ನಿಂದಲೇ ಆಯಿತು’ ಎಂಬುದು ಆತನ ಉತ್ತರವಾಗಿರಬಹುದು. ಅದರ ಬದಲಿಗೆ ಏನನ್ನು ನಂಬಲು ಇಷ್ಟ ಎಂದು ಕೇಳಿದಾಗ ‘ಕೈಲಾದದ್ದನ್ನು ಮಾಡಿದೆ’ ಎನ್ನಬಹುದು. ಈ ಎರಡನೆಯ ಮಾತು ಎಷ್ಟು ನಿಜವೆನಿಸುತ್ತದೆ ಎಂಬುದನ್ನು 1ರಿಂದ 7ರವರೆಗಿನ ಅಂಕದಲ್ಲೂ, ಸಂಕಟ ಎಷ್ಟಿದೆ ಎಂಬುದನ್ನು 0ಯಿಂದ 10ರವರೆಗಿನ ಅಂಕದಲ್ಲೂ ಆತನೇ ಹೇಳಬೇಕು. ಆ ಸಂಕಟ ದೇಹದ ಯಾವ ಭಾಗದಲ್ಲಿದೆ ಎಂಬುದನ್ನೂ ಗುರುತಿಸಲಾಗುತ್ತದೆ.

ನಾಲ್ಕನೆಯ ಹಂತದಲ್ಲಿ ಕಣ್ಣಿನ ಕೆಲಸ ಆರಂಭ. ಆ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಯುವ ತಜ್ಞರ ಬೆರಳನ್ನು ಆತ ಕಣ್ಣಿನಿಂದ ಹಿಂಬಾಲಿಸುತ್ತಾನೆ. ತಲೆ ಅಲುಗುವುದಿಲ್ಲ. ಅರ್ಧ ನಿಮಿಷದ ಆಸುಪಾಸಿನ ಒಂದು ಸುತ್ತು ಮುಗಿದ ಮೇಲೆ ‘ಈಗ ಏನು ಕಾಣುತ್ತಿದೆ’ ಎಂಬ ಪ್ರಶ್ನೆ. ಬಂದ ಉತ್ತರವನ್ನು ತಜ್ಞರು ವಿಮರ್ಶಿಸುವುದಿಲ್ಲ. ಅಲ್ಲಿಂದಲೇ ಮುಂದಿನ ಸುತ್ತು. ಸಂಕಟದ ಅಂಕ ಸೊನ್ನೆಗೆ ಅಥವಾ ಅದರ ಸಮೀಪಕ್ಕೆ ಇಳಿಯುವವರೆಗೆ ಇದು ಸಾಗುತ್ತದೆ. ದೃಷ್ಟಿದೋಷವಿದ್ದವರಿಗೆ ಎರಡೂ ಅಂಗೈಗಳ ಮೇಲೆ ಒಂದಾದ ಮೇಲೊಂದರಂತೆ ತಟ್ಟುವುದನ್ನು ಅಥವಾ ಕಿವಿಗಳಿಗೆ ಸರದಿಯಂತೆ ಕೇಳಿಸುವ ಶಬ್ದವನ್ನು ಬಳಸಲಾಗುತ್ತದೆ.

ಐದನೆಯದರಲ್ಲಿ ‘ಕೈಲಾದದ್ದನ್ನು ಮಾಡಿದೆ’ ಎಂಬ ನಂಬಿಕೆಯನ್ನು ಬಲಪಡಿಸಲಾಗುತ್ತದೆ. ಆರನೆಯದರಲ್ಲಿ ದೇಹದಲ್ಲಿ ಬಿಗಿತ ಉಳಿದಿದೆಯೇ ಎಂಬ ಪರಿಶೀಲನೆ. ಏಳನೆಯದರಲ್ಲಿ ಮನಸ್ಸನ್ನು ಶಾಂತಗೊಳಿಸಿ ಆ ದಿನದ ಭೇಟಿಯನ್ನು ಮುಗಿಸಲಾಗುತ್ತದೆ. ಮುಂದಿನ ಭೇಟಿಯಲ್ಲಿ ನಡೆಯುವ ಮರುಪರಿಶೀಲನೆಯೇ ಎಂಟನೆಯ ಹಂತ.

ಒಂದು ಭೇಟಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ವಯಸ್ಕರಿಗೆ 8ರಿಂದ 12 ಭೇಟಿಗಳು ಎಂಬುದು ನೈಸ್ ಮಾರ್ಗಸೂಚಿಯ ಲೆಕ್ಕ. ಬಾಲ್ಯದಿಂದಲೂ ಹಿಂಸೆ ಅನುಭವಿಸಿದವರಿಗೆ, ಹಲವು ಆಘಾತಗಳನ್ನು ಕಂಡವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ನಡೆದದ್ದನ್ನೆಲ್ಲ ಬಿಡಿಬಿಡಿಯಾಗಿ ಬಾಯಿಬಿಟ್ಟು ವಿವರಿಸಬೇಕಾಗಿಲ್ಲ ಎಂಬುದು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಈ ಪದ್ಧತಿಯಲ್ಲಿರುವ ದೊಡ್ಡ ಅನುಕೂಲ.

ಕಣ್ಣು ಏಕೆ ಚಲಿಸಬೇಕು?

ಈ ಪ್ರಶ್ನೆಗೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ದೊರೆತಿಲ್ಲ. ಹೆಚ್ಚು ಬೆಂಬಲ ಪಡೆದಿರುವ ವಿವರಣೆ ಹೀಗಿದೆ: ಮನಸ್ಸಿನ ಕಾರ್ಯಸ್ಮೃತಿಯಲ್ಲಿರುವ ಸ್ಥಳ ಸೀಮಿತ. ನೆನಪನ್ನು ಹಿಡಿದುಕೊಂಡೇ ಬೆರಳನ್ನೂ ಹಿಂಬಾಲಿಸಬೇಕಾದಾಗ ಎರಡೂ ಕೆಲಸಗಳು ಅದೇ ಸ್ಥಳಕ್ಕಾಗಿ ಪೈಪೋಟಿ ನಡೆಸುತ್ತವೆ. ಆಗ ನೆನಪಿನ ಚಿತ್ರ ಮಸುಕಾಗುತ್ತದೆ ಮತ್ತು ಆ ಮಸುಕಾದ ರೂಪದಲ್ಲೇ ಮತ್ತೆ ದಾಖಲಾಗುತ್ತದೆ. ದಕ್ಷಿಣ ಕೊರಿಯಾದ ವಿಜ್ಞಾನಿಗಳು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಬಲಕ್ಕೆ ಸರಿಯುವ ಬೆಳಕನ್ನು ತೋರಿಸಿದಾಗ ಇಲಿಗಳಲ್ಲಿ ಭಯದ ಪ್ರತಿಕ್ರಿಯೆ ತಗ್ಗಿದ್ದು ಕಂಡುಬಂದಿತು.

ಭಿನ್ನಾಭಿಪ್ರಾಯವೂ ಇದೆ. ಕಣ್ಣಿನ ಚಲನೆ ಇಲ್ಲದಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಎಂದು 2001ರ ಸಮಗ್ರ ವಿಶ್ಲೇಷಣೆಯೊಂದು ಹೇಳಿದರೆ, ಚಲನೆಯಿಂದ ಹೆಚ್ಚುವರಿ ಲಾಭವಿದೆ ಎಂದು 2013ರ ಇನ್ನೊಂದು ವಿಶ್ಲೇಷಣೆ ಹೇಳಿತು. ಅಂದರೆ ಚಿಕಿತ್ಸೆಯಿಂದ ಗುಣ ಕಾಣುತ್ತದೆ ಎಂಬುದರ ಬಗ್ಗೆ ಅಲ್ಲ, ಆ ಗುಣದಲ್ಲಿ ಕಣ್ಣಿನ ಪಾಲು ಎಷ್ಟು ಎಂಬುದರ ಬಗ್ಗೆ ಮುಖ್ಯ ಚರ್ಚೆ. ಆಘಾತಕ್ಕೆಂದೇ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆಯೂ ಸರಿಸುಮಾರು ಇಷ್ಟೇ ಫಲ ನೀಡುತ್ತದೆ. ಆದ್ದರಿಂದ ಇಎಂಡಿಆರ್ ಒಂದೇ ದಾರಿ ಎಂದು ಭಾವಿಸಬೇಕಾಗಿಲ್ಲ.

ಭಾರತದಲ್ಲಿ

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದ ನಂತರ ವಿದೇಶದ ಇಎಂಡಿಆರ್ ತರಬೇತುದಾರರು ಭಾರತಕ್ಕೆ ಬಂದು ಇಲ್ಲಿನ ಮನೋಚಿಕಿತ್ಸಕರಿಗೆ ತರಬೇತಿ ನೀಡಿದರು. ಸಂತ್ರಸ್ತ ಮಕ್ಕಳಿಗೆ ಗುಂಪಿನಲ್ಲಿ ನೀಡುವ ಚಿಕಿತ್ಸಾ ಕ್ರಮವೂ ಇದೆ. ಮೆಕ್ಸಿಕೊದಲ್ಲಿ 1997ರ ಚಂಡಮಾರುತದ ನಂತರ ರೂಪುಗೊಂಡ ಈ ಕ್ರಮದಲ್ಲಿ ಮಕ್ಕಳು ಚಿತ್ರ ಬರೆದು, ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿಟ್ಟು ಚಿಟ್ಟೆಯ ರೆಕ್ಕೆಯಂತೆ ಭುಜಗಳನ್ನು ತಟ್ಟಿಕೊಳ್ಳುತ್ತಾರೆ.

ತುಂಗಭದ್ರೆಯ ದಡದಲ್ಲಿ

ಈ ಭಾಗದ ಜನರಿಗೆ ಆಘಾತ ಹೊಸತಲ್ಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯ ಸಂಪರ್ಕ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲೂ ಹಾಗೇ ಆಯಿತು. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋದಾಗ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ನೀಡಲಾಗಿತ್ತು. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ 2012ರ ಮೇ 22ರ ನಸುಕಿನಲ್ಲಿ ಪೆನುಕೊಂಡದಲ್ಲಿ ಸರಕು ರೈಲಿಗೆ ಡಿಕ್ಕಿ ಹೊಡೆದು 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇಂತಹ ದುರಂತಗಳಲ್ಲಿ ಸತ್ತವರ, ಗಾಯಗೊಂಡವರ ಲೆಕ್ಕ ಸಿಗುತ್ತದೆ. ಮನಸ್ಸಿಗೆ ಗಾಯವಾದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಮಾನಸಿಕ ಆರೋಗ್ಯ ಸೇವೆಯ ಇತಿಹಾಸದಲ್ಲಿ ಇದೇ ನೆಲಕ್ಕೆ ಗೌರವದ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಿ, ಅಗತ್ಯ ಔಷಧಗಳನ್ನು ಊರಿನ ಹತ್ತಿರವೇ ಒದಗಿಸಲಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದರ ಆಧಾರದ ಮೇಲೆ ಕೇಂದ್ರ ಸರ್ಕಾರವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಆದರೂ ಕೊರತೆ ನೀಗಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ 70ರಿಂದ 92ರಷ್ಟಿತ್ತು. ಮಾತ್ರೆ ಊರಿಗೆ ಬರಬಹುದು. ವಾರಕ್ಕೊಮ್ಮೆ ಒಂದೂವರೆ ಗಂಟೆ ಕುಳಿತು ಚಿಕಿತ್ಸೆ ನೀಡುವ ತಜ್ಞರು ಊರಿಗೆ ಬರುವುದು ಕಷ್ಟ. ಇಎಂಡಿಆರ್‌ನಂತಹ ಚಿಕಿತ್ಸೆ ದೊಡ್ಡ ನಗರಗಳ ಆಚೆ ಬೇಗ ಹರಡದಿರಲು ಇದೂ ಕಾರಣ.

ಎಚ್ಚರಿಕೆಗಳು

ಚಿಕಿತ್ಸೆಯ ಮೊದಲ ಕೆಲ ವಾರಗಳಲ್ಲಿ ಕನಸುಗಳು ಹೆಚ್ಚಬಹುದು, ಆಯಾಸ ಕಾಣಬಹುದು, ಮರೆತಿದ್ದ ಸಂಗತಿಗಳು ಮೇಲೆದ್ದು ಬರಬಹುದು. ಆದ್ದರಿಂದಲೇ ಮೊಬೈಲಿನಲ್ಲಿ ಚಲಿಸುವ ಚುಕ್ಕೆಯ ವಿಡಿಯೊ ನೋಡಿಕೊಂಡು ತಾನೇ ಚಿಕಿತ್ಸೆ ಮಾಡಿಕೊಳ್ಳುವುದು ಅಪಾಯಕರ. ನೆನಪು ಕೆದಕಿದ ಮೇಲೆ ಅದನ್ನು ಸಂಭಾಳಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆತ್ಮಹತ್ಯೆಯ ಆಲೋಚನೆ, ತೀವ್ರ ಮನೋವಿಕಲತೆ, ಮೂರ್ಛೆ ರೋಗ ಇದ್ದರೆ ಮೊದಲೇ ತಿಳಿಸಬೇಕು. ಮನೆಯಲ್ಲಿ ಹಿಂಸೆ ಇನ್ನೂ ನಡೆಯುತ್ತಿದ್ದರೆ ಮೊದಲು ಸುರಕ್ಷತೆ, ನಂತರ ನೆನಪಿನ ಚಿಕಿತ್ಸೆ. ವೈದ್ಯರು ಕೊಟ್ಟ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಆಘಾತವಾದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪಿನ್ ಗುಂಪಿನ ನಿದ್ರೆ ಮಾತ್ರೆಗಳನ್ನು ನೀಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳಿರುವುದನ್ನೂ ಗಮನಿಸಬೇಕು.

ಎಲ್ಲಿ ವಿಚಾರಿಸಬೇಕು?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣುವುದು ಸೂಕ್ತ. ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರಿಗೆ ಅಥವಾ ಜನರು ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಎಂಡಿಆರ್ ನೀಡುತ್ತೇವೆ ಎನ್ನುವವರನ್ನು ಮೂರು ಪ್ರಶ್ನೆ ಕೇಳುವುದು ರೋಗಿಯ ಹಕ್ಕು. ತಾವು ಮನೋವೈದ್ಯರೋ, ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ? ಇಎಂಡಿಆರ್ ತರಬೇತಿಯನ್ನು ಎಲ್ಲಿ ಪಡೆದಿರಿ? ಒಟ್ಟು ಎಷ್ಟು ಭೇಟಿ, ಎಷ್ಟು ಖರ್ಚು? ಒಂದೇ ಭೇಟಿಯಲ್ಲಿ ಎಲ್ಲವನ್ನೂ ಮರೆಸುತ್ತೇವೆ ಎಂಬ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

‘ಮನೋವ್ಯಾಧಿಗೆ ಮದ್ದಿಲ್ಲ’ ಎಂಬ ಗಾದೆ ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಆಘಾತದ ನೆನಪಿನ ಮಟ್ಟಿಗಾದರೂ ಆ ಗಾದೆ ಈಗ ಸುಳ್ಳಾಗಿದೆ. ಮದ್ದು ಇದೆ. ಅದು ಬೆಂಗಳೂರಿನಲ್ಲಿ ಸಿಗುವಷ್ಟೇ ಸುಲಭವಾಗಿ ಕಂಪ್ಲಿ, ಸಂಡೂರಿನ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುವಂತೆ ಮಾಡುವ ಕೆಲಸ ಬಾಕಿ ಇದೆ.